ಹಾಡುಗಳಲ್ಲಿ ಉಳಿದ ನಮ್ಮ ಆಯುಷ್ಯ

(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಕಲ್ಲುಮಣ್ಣುಗಳಿಂದ ಪ್ರಾರಂಭಿಸುತ್ತಾರೆ. ಅಸ್ತಿಭಾರವನ್ನು ಯಾರು ಹಾಕಿದರು, ಗಂಟೆ ಎಲ್ಲಿಂದ ಬಂದಿತು, ಯಾವ ಗುರುಗಳ ಕಾಲದಲ್ಲಿ ಪೀಠ ಹೊಸದಾಯಿತು ಎಂಬುದನ್ನೆಲ್ಲ ನಮಗಿಂತ ಮೊದಲು ಮಾತನಾಡಿದ ಹಿರಿಯರು ಸವಿಸ್ತಾರವಾಗಿ ತಿಳಿಸಿದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಹಾಡು. ಅದಕ್ಕೆ ಅಸ್ತಿಭಾರವಿಲ್ಲ, ಲೆಕ್ಕದ ಪುಸ್ತಕದಲ್ಲಿ ಅದರ ಖರ್ಚು ಬರೆದಿಲ್ಲ, ಛಾಯಾಚಿತ್ರದಲ್ಲಿ ಅದು ಕಾಣುವುದಿಲ್ಲ. ಆದರೂ ಈ ನೂರು ವರ್ಷಗಳಲ್ಲಿ ಈ ಗೋಡೆಗಳ ನಡುವೆ ಜನರೆಲ್ಲ ಒಟ್ಟಾಗಿ ಮಾಡಿದ ಕೆಲಸ ಯಾವುದೆಂದು ಕೇಳಿದರೆ, ಪ್ರಾರ್ಥನೆಯ ಜೊತೆಯಲ್ಲಿಯೇ ಹಾಡಿನ ಹೆಸರನ್ನೂ ಹೇಳಬೇಕಾಗುತ್ತದೆ.

ಹಾಡಿಗೆ ಒಂದು ವಿಚಿತ್ರ ಗುಣವುಂಟು. ಮೂವತ್ತು ನಲವತ್ತು ವರ್ಷ ಕೇಳದೆ ಇದ್ದ ಒಂದು ರಾಗ ಎಲ್ಲಿಂದಲೋ ಕಿವಿಗೆ ಬಿದ್ದರೆ ಸಾಕು, ಅದರೊಡನೆ ಆ ಕಾಲದ ಮನೆ, ಅಂಗಳ, ಒಲೆಯ ಹೊಗೆ, ಪಕ್ಕದಲ್ಲಿ ನಿಂತವರ ಮುಖ ಎಲ್ಲವೂ ಎದ್ದು ಬರುತ್ತವೆ. ಪ್ರಯತ್ನಪಟ್ಟು ಕರೆದರೆ ಬಾರದಿದ್ದ ನೆನಪುಗಳು ಕರೆಯದೆಯೇ ಬಂದು ಕುಳಿತುಕೊಳ್ಳುತ್ತವೆ. ಹಳಿಯಾಳ ಭಾಗದ ಸಿದ್ದಿ ತಾಯಂದಿರು ಹೊಲಿಯುವ ಕೌದಿಯನ್ನು ತಾವೆಲ್ಲ ನೋಡಿದ್ದೀರಿ. ಅದನ್ನು ಕವಂದ್ ಎಂದೂ ಕರೆಯುತ್ತಾರೆ. ಅಜ್ಜಿಯ ಸೀರೆ, ಅಪ್ಪನ ಅಂಗಿ, ಮಗುವಿನ ಲಂಗ, ಹೀಗೆ ಮನೆಯವರು ಉಟ್ಟು ಸವೆಸಿದ ಬಟ್ಟೆಯ ತುಂಡುಗಳನ್ನು ಸೇರಿಸಿ, ಅಂಚಿನಿಂದ ನಡುವಿನ ಕಡೆಗೆ ಹೊಲಿಗೆ ಹಾಕುತ್ತ ಹೋಗುತ್ತಾರೆ. ಕ್ರೈಸ್ತರಾದ ಸಿದ್ದಿಗಳ ಕೌದಿಯಲ್ಲಿ ಶಿಲುಬೆಯ ಆಕಾರವೂ ಉಂಟು. ಅದನ್ನು ಹೊದ್ದುಕೊಳ್ಳುವವನಿಗೆ ಒಂದೊಂದು ತುಂಡೂ ಒಬ್ಬೊಬ್ಬರ ಗುರುತು. ಮನುಷ್ಯನ ಮನಸ್ಸಿನಲ್ಲಿರುವ ಹಾಡುಗಳೂ ಇಂಥ ಕೌದಿಯೇ. ಆಯುಷ್ಯದ ಒಂದೊಂದು ಘಟ್ಟವೂ ಅದಕ್ಕೆ ಒಂದೊಂದು ತುಂಡನ್ನು ಕೊಟ್ಟಿದೆ.

ಮೊದಲನೆಯ ತುಂಡು ತೊಟ್ಟಿಲ ಹಾಡು. ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ಮಗುವನ್ನು ಎಷ್ಟು ಭಾಷೆಗಳಲ್ಲಿ ತೂಗುತ್ತಾರೆಂಬುದನ್ನು ಎಣಿಸಿ ನೋಡಿರಿ. ಕೊಂಕಣಿಯಲ್ಲಿ, ಮರಾಠಿಯಲ್ಲಿ, ಕನ್ನಡದಲ್ಲಿ, ಉರ್ದುವಿನಲ್ಲಿ, ಲಂಬಾಣಿಗರ ಮಾತಿನಲ್ಲಿ, ಮುಂಡಗೋಡದಲ್ಲಿ ಟಿಬೆಟಿನ ನುಡಿಯಲ್ಲಿ ತೂಗುತ್ತಾರೆ. ಮಾತು ಬೇರೆ ಬೇರೆಯಾದರೂ ತೂಗುವ ಕೈಯ ಲಯ ಒಂದೇ. ಮಗು ಹುಟ್ಟುವ ಮೊದಲೇ ಕೇಳಲಾರಂಭಿಸುತ್ತದೆ ಎಂದು ವಿಜ್ಞಾನಿಗಳೂ ಹೇಳುತ್ತಾರೆ. ಬೆಲ್‌ಫಾಸ್ಟ್ ನಗರದ ಪೀಟರ್ ಹೆಪ್ಪರ್ ಎಂಬ ಸಂಶೋಧಕರು ೧೯೮೮ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಗರ್ಭಿಣಿಯರಾಗಿದ್ದಾಗ ಒಂದು ದೂರದರ್ಶನ ಧಾರಾವಾಹಿಯನ್ನು ತಪ್ಪದೆ ನೋಡುತ್ತಿದ್ದ ತಾಯಂದಿರ ಹಸುಗೂಸುಗಳು, ಆ ಧಾರಾವಾಹಿಯ ರಾಗವನ್ನು ಕೇಳಿದೊಡನೆ ಅಳುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದುವಂತೆ. ನಮ್ಮ ಅಜ್ಜಿಯರು ಬಸುರಿಯನ್ನು ಜಪಸರದ ಪ್ರಾರ್ಥನೆಗೆ ತಪ್ಪದೆ ಕೂಡಿಸುತ್ತಿದ್ದುದು ಯಾವ ಸಂಶೋಧನೆಯನ್ನೂ ಓದಿ ಅಲ್ಲ. ತಾಯಿಯ ದನಿಯಲ್ಲಿ ಬಂದದ್ದು ಮಗುವಿಗೆ ಸೇರುತ್ತದೆಂಬ ನಂಬಿಕೆಯೇ ಅವರಿಗೆ ಸಾಕಾಗಿತ್ತು.

ಎರಡನೆಯದು ಶಾಲೆಯ ಮತ್ತು ದೊತೊರ್ನಿನ ಹಾಡು. ಈ ಜಿಲ್ಲೆ ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ಆದುದರಿಂದ ನಮ್ಮ ಹಿರಿಯರಲ್ಲಿ ಕೆಲವರು ಮರಾಠಿ ಶಾಲೆಯ ಪದ್ಯಗಳನ್ನು ಬಲ್ಲವರು. ಕೆಲವರು ಕನ್ನಡ ಶಾಲೆಯವರು. ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾದ ಹುಯಿಲಗೋಳ ನಾರಾಯಣರಾಯರ ನಾಡಗೀತೆ, ಏಕೀಕರಣದ ದಿನಗಳ ಮಕ್ಕಳ ಬಾಯಿಗೂ ಬಂದು ನಿಂತಿತು. ಸಂಜೆಯಾದರೆ ಮನೆಯಲ್ಲಿ ಕೊಂಕಣಿಯ ತೆರ್ಸ್. ಭಾನುವಾರ ದೇವಾಲಯದಲ್ಲಿ ಲತೀನ್. ಹೀಗೆ ಒಂದೇ ಮಗು ಒಂದೇ ವಾರದಲ್ಲಿ ಮೂರು ನಾಲ್ಕು ಭಾಷೆಗಳಲ್ಲಿ ಹಾಡುತ್ತಿದ್ದಿತು. ಸಂತ ಥಾಮಸ್ ಅಕ್ವೀನಾಸರು ರಚಿಸಿದರೆನ್ನಲಾದ 'ತಾಂತುಂ ಎರ್ಗೊ' ಕೀರ್ತನೆಯನ್ನು ಪರಮಪ್ರಸಾದದ ಆಶೀರ್ವಾದದ ಹೊತ್ತಿನಲ್ಲಿ ಹಾಡುತ್ತಿದ್ದ ಹುಡುಗರಲ್ಲಿ ಒಬ್ಬನಿಗೂ ಅದರ ಅರ್ಥ ತಿಳಿದಿರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ಧೂಪದ ವಾಸನೆ, ಮೊಣಕಾಲಿಗೆ ತಾಗುವ ನೆಲದ ತಂಪು, ಮುಗಿದ ಕೂಡಲೇ ಮನೆಗೆ ಓಡುವ ಆತುರ ಇವೆಲ್ಲ ಆ ರಾಗದ ಎಳೆಗಳಲ್ಲಿ ಹೊಲಿಗೆಗೊಂಡು ಉಳಿದವು. ಅರ್ಥ ತಿಳಿಯದೆ ಕಲಿತ ಹಾಡು ವ್ಯರ್ಥವೆಂದು ಹೇಳುವವರು ಈ ಮಾತನ್ನು ಗಮನಿಸಬೇಕು.

ಮೂರನೆಯದು ತಾರುಣ್ಯದ ಹಾಡು. ನೆನಪನ್ನು ಕುರಿತು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರು ಒಂದು ನಿಯಮವನ್ನು ಕಂಡುಕೊಂಡಿದ್ದಾರೆ. ವಯಸ್ಸಾದವರನ್ನು ಅವರ ಜೀವನದ ನೆನಪುಗಳನ್ನು ಹೇಳಿರೆಂದು ಕೇಳಿದರೆ, ಸುಮಾರು ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳೇ ರಾಶಿಯಾಗಿ ಬರುತ್ತವೆ. ಹಾಡುಗಳ ವಿಷಯದಲ್ಲಿಯೂ ಹಾಗೆಯೇ. ಆ ವಯಸ್ಸಿನಲ್ಲಿ ಕೇಳಿದ್ದು ಕೊನೆಯವರೆಗೂ 'ನಮ್ಮ ಕಾಲದ ಹಾಡು' ಎನಿಸಿಕೊಳ್ಳುತ್ತದೆ. ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ೧೯೫೫ರಲ್ಲಿ ಸ್ಥಾಪನೆಯಾದ ಮೇಲೆ ನಾನಾ ಊರುಗಳಿಂದ ಜನ ಬಂದರು. ಮಿಲ್ಲಿನ ಭೋಂಗಾ ಎಲ್ಲರ ಹೊತ್ತನ್ನೂ ಗೊತ್ತುಮಾಡುತ್ತಿದ್ದರೆ, ಸಂಜೆಯ ಮನಸ್ಸನ್ನು ರೇಡಿಯೋ ಗೊತ್ತುಮಾಡುತ್ತಿದ್ದಿತು. ೧೯೫೦ರ ಜನವರಿ ೮ರಂದು ಪ್ರಾರಂಭವಾದ ಧಾರವಾಡ ಆಕಾಶವಾಣಿ ನಮಗೆ ನೆರೆಮನೆಯಿದ್ದಂತೆ. ೧೯೫೨ರಿಂದ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರು ನಡೆಸಿಕೊಟ್ಟ ಬಿನಾಕಾ ಗೀತಮಾಲಾ ಕೇಳುವುದಕ್ಕೆ ಬುಧವಾರ ರಾತ್ರಿ ರೇಡಿಯೋ ಇದ್ದ ಮನೆಯ ಜಗಲಿ ತುಂಬುತ್ತಿದ್ದಿತು. ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿಯವರ ಕನ್ನಡ ಹಾಡುಗಳು, ಕೊಂಕಣಿಯಲ್ಲಿ ಆಲ್ಫ್ರೆಡ್ ರೋಜ್ ಅವರ ಹಾಡುಗಳು, ಕ್ರಿಸ್ ಪೆರಿ ರಾಗ ಕೂಡಿಸಿ ಲೋರ್ನಾ ಹಾಡಿದ ಹಾಡುಗಳು ಕೆಲಸ ಮುಗಿಸಿ ಬಂದ ಯುವಕರ ದಣಿವನ್ನು ತೆಗೆಯುತ್ತಿದ್ದುವು. ಕ್ರಿಸ್ಮಸ್ ಸಮೀಪಿಸಿದರೆ ಗಿಟಾರು, ಘುಮಟೆಗಳೊಡನೆ ಮನೆಮನೆಗೆ ತಿರುಗಿದ ತಂಡದಲ್ಲಿ ನಾವು ಕಂಡ ಒಬ್ಬೊಬ್ಬರ ಮುಖವೂ ಆ ಹಾಡುಗಳಲ್ಲಿ ಇನ್ನೂ ತರುಣವಾಗಿಯೇ ಇದೆ.

ನಾಲ್ಕನೆಯದು ಮದುವೆಯ ಹಾಡು. ಮದುವೆಯ ಹಿಂದಿನ ದಿನ ವಧುವಿಗೂ ವರನಿಗೂ ತೆಂಗಿನ ಹಾಲನ್ನು ಹಚ್ಚುವ ರೋಸಿನ ಹೊತ್ತಿನಲ್ಲಿ ಹಿರಿಯ ಹೆಂಗಸರು ಹಾಡುತ್ತಿದ್ದ ಓವಿಗಳಲ್ಲಿ ಹುಡುಗಿಯ ತಂದೆ ತಾಯಿ, ಸೋದರಮಾವ, ತವರಿನ ಬಾಗಿಲು ಎಲ್ಲವೂ ಬರುತ್ತಿದ್ದುವು. ಅವು ಪುಸ್ತಕದಲ್ಲಿದ್ದ ಹಾಡುಗಳಲ್ಲ. ಹಾಡುವವಳು ಆ ಮನೆಯ ಸಂಗತಿಯನ್ನು ಬಲ್ಲವಳಾಗಿದ್ದು, ಆ ಮನೆಗೆ ತಕ್ಕಂತೆ ಸಾಲನ್ನು ಕಟ್ಟುತ್ತಿದ್ದಳು. ಸಿದ್ದಿಗಳ ಮದುವೆಯಲ್ಲಿ ದಮಾಮಿನ ಬಡಿತಕ್ಕೆ ಇಡೀ ಕೇರಿಯೇ ಕುಣಿಯುತ್ತಿದ್ದಿತು. ಹೆಂಗಸರು ಫುಗಡಿ ಆಡುತ್ತಿದ್ದರು. ಇಂದು ಅನೇಕ ಮದುವೆಗಳಲ್ಲಿ ಆ ಜಾಗಕ್ಕೆ ದೊಡ್ಡ ಧ್ವನಿಪೆಟ್ಟಿಗೆಗಳು ಬಂದಿವೆ. ಸಂಭ್ರಮಕ್ಕೆ ಕೊರತೆಯಿಲ್ಲ. ಆದರೆ ಆ ಗದ್ದಲದಲ್ಲಿ ಮದುಮಗಳ ಹೆಸರು ಹಿಡಿದು ಹಾಡುವ ದನಿ ಕೇಳುವುದಿಲ್ಲ. ಯಾವ ಮದುವೆಗಾದರೂ ಒಂದೇ ಹಾಡು. ಇಪ್ಪತ್ತೈದು ವರ್ಷಗಳ ತರುವಾಯ ಆ ಮದುಮಗಳಿಗೆ ತನ್ನ ಮದುವೆಯನ್ನು ನೆನಪಿಸುವ ಹಾಡು ಯಾವುದಾಗಿರುವುದೆಂದು ಯೋಚಿಸಬೇಕು.

ಐದನೆಯದು ಅಗಲಿಕೆಯ ಹಾಡು. ನಮ್ಮ ಸೀಮೆ ಅಗಲಿಕೆಯನ್ನು ಚೆನ್ನಾಗಿ ಬಲ್ಲದು. ಕಾಳಿನದಿಗೆ ಅಡ್ಡಲಾಗಿ ಕಟ್ಟಿ ೧೯೮೭ರಲ್ಲಿ ಪೂರ್ಣಗೊಂಡ ೧೦೧ ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಸೂಪಾ ಪಟ್ಟಣ ಮುಳುಗಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಅನೇಕ ಕುಟುಂಬಗಳು ರಾಮನಗರದ ಕಡೆಗೆ ಬಂದು ನೆಲೆಸಿದವು. ಬಿಟ್ಟುಬಂದ ಮನೆಯ ಜಂತಿ ಬಾಗಿಲುಗಳನ್ನು ಕಿತ್ತು ತರಬಹುದು. ದನಕರುಗಳನ್ನು ಹೊಡೆದುಕೊಂಡು ಬರಬಹುದು. ತಲೆತಲಾಂತರದಿಂದ ಶಿಗ್ಮಾ ಕುಣಿದ ಅಂಗಳವನ್ನು ತರುವುದು ಹೇಗೆ? ಅದು ಹಾಡಿನಲ್ಲಿ ಮಾತ್ರವೇ ಬಂದಿತು. ಮುಂಡಗೋಡದಲ್ಲಿ ೧೯೬೬ರಿಂದ ನೆಲೆಸಿದ ಟಿಬೆಟಿನ ನಿರಾಶ್ರಿತರ ಕಥೆಯೂ ಇಂಥದೇ. ಹಿಮದ ನಾಡಿನಿಂದ ಬಂದ ಹಿರಿಯರು, ತಾವು ಮತ್ತೆ ಕಾಣದ ಪರ್ವತಗಳ ಹಾಡನ್ನು ಭತ್ತ, ಜೋಳಗಳ ಈ ನೆಲದಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಕಲಿಸಿದರು. ಪವಿತ್ರ ಗ್ರಂಥದ ನೂರಮೂವತ್ತೇಳನೆಯ ಕೀರ್ತನೆಯನ್ನು ಓದಿದಾಗ ನಮಗೆ ಈ ಜನರ ನೆನಪು ಬಾರದೆ ಇರದು. ಬಾಬಿಲೋನಿಗೆ ಸೆರೆಯಾಗಿ ಹೋದ ಜನ ನದಿಯ ದಡದಲ್ಲಿ ಕುಳಿತು, ಕಿನ್ನರಿಗಳನ್ನು ಮರಗಳಿಗೆ ತೂಗುಹಾಕಿ ಅತ್ತರು. ಪರದೇಶದಲ್ಲಿ ಹಾಡಲಾರೆವೆಂದು ಹೇಳಿದರು. ಆದರೆ ಹಾಡಲಾರೆವೆಂಬ ಆ ಮಾತೇ ಒಂದು ಹಾಡಾಗಿ ಉಳಿದು, ನಮ್ಮವರೆಗೂ ಬಂದಿತು.

ಆರನೆಯದು ಮುಪ್ಪಿನ ಹಾಡು. ಇದು ಹೊಸ ಹಾಡಲ್ಲ. ಮೊದಲಿನ ತುಂಡುಗಳೇ ಮರಳಿ ಬರುವುದು. ರೋಗಿಗಳ ಭೇಟಿಗೆಂದು ಹೋದಾಗ ನಾವು ಕಂಡ ಒಬ್ಬ ವೃದ್ಧರ ಮಾತನ್ನು ಹೇಳುತ್ತೇವೆ. ಮಿಲ್ಲಿನಿಂದ ನಿವೃತ್ತರಾದವರು. ಎಂಬತ್ತೈದು ದಾಟಿದ ಅವರಿಗೆ ಮಗನ ಹೆಸರು ನೆನಪಿರಲಿಲ್ಲ. ಊಟವಾಯಿತೇ ಇಲ್ಲವೇ ಎಂಬುದೂ ತಿಳಿಯುತ್ತಿರಲಿಲ್ಲ. ನಮ್ಮೊಡನೆ ಬಂದಿದ್ದ ತಾಯಿಯೊಬ್ಬರು ಹಳೆಯ ಲತೀನ್ ಕೀರ್ತನೆಯೊಂದನ್ನು ಮೆಲ್ಲಗೆ ಎತ್ತಿಕೊಂಡರು. ವೃದ್ಧರ ತುಟಿಗಳು ಅಲುಗಿದವು. ಎರಡನೆಯ ಸಾಲಿಗೆ ದನಿ ಬಂದಿತು. ಕೊನೆಯ 'ಆಮೆನ್'ವರೆಗೂ ಒಂದು ಅಕ್ಷರವೂ ತಪ್ಪಲಿಲ್ಲ. ಸೊಸೆ ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಎಷ್ಟೋ ತಿಂಗಳಿಂದ ಮಾವನ ಪೂರ್ತಿ ಮಾತನ್ನು ಆಕೆ ಕೇಳಿರಲಿಲ್ಲ.

ಇದನ್ನು ಪವಾಡವೆಂದು ನಾವು ಹೇಳುವುದಿಲ್ಲ, ಇದಕ್ಕೆ ಕಾರಣವುಂಟು. ಜರ್ಮನಿಯ ಲೈಪ್‌ಜಿಗ್ ನಗರದ ಸಂಶೋಧಕರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಹುಕಾಲದಿಂದ ಬಲ್ಲ ಸಂಗೀತವನ್ನು ಹಿಡಿದಿಡುವ ಮೆದುಳಿನ ಭಾಗಗಳನ್ನು ಮರೆವಿನ ರೋಗವಾದ ಅಲ್ಝೈಮರ್ ಬೇರೆ ಭಾಗಗಳಿಗಿಂತ ತಡವಾಗಿ ಮುಟ್ಟುತ್ತದೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಲ್ಲಿಯೂ ಕೆಲವರು ಹಾಡಬಲ್ಲರು. ಇದನ್ನೇ ಆಧಾರ ಮಾಡಿಕೊಂಡು, ಮಾತನ್ನು ರಾಗದ ಮೂಲಕ ಮರಳಿ ಕಲಿಸುವ ಚಿಕಿತ್ಸೆಯನ್ನು ಅಮೇರಿಕದ ವೈದ್ಯರು ೧೯೭೦ರ ದಶಕದಲ್ಲಿ ರೂಪಿಸಿದರು. ಮನೆಯ ದೀಪಗಳೆಲ್ಲ ಒಂದೊಂದಾಗಿ ಆರಿದ ಮೇಲೆಯೂ ಈ ಒಂದು ದೀಪ ಇನ್ನೂ ಕೆಲಕಾಲ ಉರಿಯುತ್ತದೆಂದು ತಿಳಿಯಬೇಕು.

ನಮ್ಮ ಪ್ರಭುವಿನ ಜೀವನದಲ್ಲಿಯೂ ಇದನ್ನು ಕಾಣಬಹುದು. ಕೊನೆಯ ಭೋಜನದ ನಂತರ ಯೇಸುಸ್ವಾಮಿ ಶಿಷ್ಯರೊಡನೆ ಕೀರ್ತನೆ ಹಾಡಿ ಓಲಿವ್ ಗುಡ್ಡಕ್ಕೆ ಹೋದರೆಂದು ಸಂತ ಮತ್ತಾಯರು ಬರೆದಿದ್ದಾರೆ. ಪಾಸ್ಕ ಹಬ್ಬದಲ್ಲಿ ಯೆಹೂದ್ಯರ ಮನೆಮನೆಯಲ್ಲಿ ಹಾಡುವ, ಮಕ್ಕಳೂ ಬಲ್ಲ ೧೧೩ರಿಂದ ೧೧೮ರವರೆಗಿನ ಕೀರ್ತನೆಗಳವು ಎಂದು ವಿದ್ವಾಂಸರ ಅಭಿಪ್ರಾಯ. ಹಾಗಾದರೆ ನಜರೇತಿನ ಮನೆಯಲ್ಲಿ ತಾಯಿ ಮರಿಯಮ್ಮನವರ ಬಳಿ ಕುಳಿತು ಕಲಿತುದನ್ನೇ ಅವರು ಮರಣದ ಹಿಂದಿನ ರಾತ್ರಿ ಹಾಡಿದರು. ಶಿಲುಬೆಯ ಮೇಲೆಯೂ ಅವರ ಬಾಯಿಗೆ ಬಂದುದು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಮಾತು. ಸಂತ ಆಗಸ್ಟೀನರ ಸಂಗತಿಯೂ ಹೃದಯಸ್ಪರ್ಶಿಯಾದುದು. ೩೮೭ರಲ್ಲಿ ತಾಯಿ ಸಂತ ಮೋನಿಕಾ ತೀರಿಕೊಂಡಾಗ ಅವರು ಬಿಗಿಹಿಡಿದು ಅಳದೆ ನಿಂತರು. ಆಮೇಲೆ ಹಾಸಿಗೆಯಲ್ಲಿ ಒಂಟಿಯಾಗಿ ಮಲಗಿದ್ದಾಗ ಸಂತ ಅಂಬ್ರೋಸರು ರಚಿಸಿದ ಸಂಜೆಯ ಕೀರ್ತನೆ ನೆನಪಿಗೆ ಬಂದಿತು. ಅದರ ಬೆನ್ನಿಗೆ ತಾಯಿಯ ನೆನಪು ಬಂದಿತು. ಆಗ ಅವರ ಕಣ್ಣೀರು ಹರಿಯಿತು. ಎಷ್ಟೋ ಸಾಂತ್ವನದ ಮಾತುಗಳು ಮಾಡಲಾರದುದನ್ನು ಒಂದು ಹಾಡು ಮಾಡಿತೆಂದು ಅವರ ಆತ್ಮನಿವೇದನೆಯ ಒಂಬತ್ತನೆಯ ಭಾಗವನ್ನು ಓದಿದವರಿಗೆ ತಿಳಿಯುತ್ತದೆ.

ಬಾಂಧವರೇ, ಇಷ್ಟನ್ನು ಹೇಳಿದುದಕ್ಕೆ ಒಂದು ಉದ್ದೇಶವಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು ೧೯೬೩ರ ಡಿಸೆಂಬರ್ ೪ರಂದು ದೈವಾರಾಧನೆಯನ್ನು ಕುರಿತ ತನ್ನ ಶಾಸನವನ್ನು ಹೊರಡಿಸಿತು. ಅದರಿಂದ ಜನರ ಭಾಷೆಗೆ ಬಲಿಪೀಠದಲ್ಲಿ ಸ್ಥಾನ ದೊರೆಯಿತು. ಆಯಾ ನಾಡಿನ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದೂ ಅದು ವಿಧಿಸಿತು. ಲತೀನಿನ ಗ್ರೆಗೋರಿಯನ್ ಗಾನವನ್ನೂ ಅದು ಕೈಬಿಡಲಿಲ್ಲ. ಇದು ದೊಡ್ಡ ವರದಾನವೇ ಸರಿ. ಆದರೆ ಜನರ ಭಾಷೆ ಎಂದಾಗ ನಮ್ಮಲ್ಲಿ ಯಾರ ಭಾಷೆ ಎಂಬ ಪ್ರಶ್ನೆ ಎದ್ದಿತು. ಬೆಳಗಾವಿ ಧರ್ಮಪ್ರಾಂತ್ಯ ೧೯೫೩ರಲ್ಲಿ, ಅದರಿಂದ ಕಾರವಾರ ಧರ್ಮಪ್ರಾಂತ್ಯ ೧೯೭೬ರಲ್ಲಿ ಸ್ಥಾಪನೆಯಾದುವು. ಈ ಎಲ್ಲ ಕಾಲದಲ್ಲಿಯೂ ಕೊಂಕಣಿ, ಮರಾಠಿ, ಕನ್ನಡ ಮೂರೂ ನಮ್ಮ ನಡುವೆ ಇದ್ದೇ ಇವೆ. ಹಬ್ಬದ ದಿನ ಯಾವ ಭಾಷೆಯ ಕೀರ್ತನೆ ಎಂಬ ಚರ್ಚೆ ಗಾಯನವೃಂದದ ಅಭ್ಯಾಸದಲ್ಲಿ ಹುಟ್ಟಿ, ಕೆಲವು ಸಲ ಮನೆಯಂಗಳದವರೆಗೂ ಹೋಗಿದೆ. ಮಾತು ಬಿಟ್ಟವರೂ ಉಂಟು. ಬೇರೆ ಪೂಜೆಗೆ ಹೋಗತೊಡಗಿದವರೂ ಉಂಟು.

ನಮ್ಮ ವಿನಮ್ರ ಅಭಿಪ್ರಾಯದಲ್ಲಿ ಈ ವಾದ ಬಹುಮಟ್ಟಿಗೆ ಭಾಷೆಯ ವಾದವಲ್ಲ. ಕೊಂಕಣಿ ಕೀರ್ತನೆಯೇ ಬೇಕೆಂದು ಪಟ್ಟು ಹಿಡಿಯುವ ಹಿರಿಯರು, ಆ ಕೀರ್ತನೆಯಲ್ಲಿ ತಮ್ಮ ತಾಯಿಯ ದನಿಯನ್ನು ಕೇಳುತ್ತಾರೆ. ಕನ್ನಡದ್ದೇ ಬೇಕೆನ್ನುವ ತರುಣರು ಪ್ರಥಮ ಪರಮಪ್ರಸಾದದ ದಿನ ಅದನ್ನೇ ಹಾಡಿದವರು. ಮರಾಠಿಯನ್ನು ಕೇಳುವ ಹಳ್ಳಿಯವರಿಗೆ ಅದು ತಂದೆಯ ಭಜನೆಯ ರಾಗವನ್ನು ತರುತ್ತದೆ. ಲತೀನ್ ಹಾಡಿರೆಂದು ಅಂಗಲಾಚುವ ನಾಲ್ಕಾರು ಮುದುಕರು, ಲೋಕವನ್ನು ಹಿಂದಕ್ಕೆ ತಿರುಗಿಸಲು ಕೇಳುತ್ತಿಲ್ಲ. ಒಂದು ಗಳಿಗೆ ತಮ್ಮ ಬಾಲ್ಯದಲ್ಲಿ ಮೊಣಕಾಲೂರಲು ಕೇಳುತ್ತಿದ್ದಾರೆ. ಪ್ರತಿಯೊಬ್ಬರೂ ತಮ್ಮ ಕೌದಿಯ ತುಂಡನ್ನು ಎದೆಗೆ ಅವುಚಿಕೊಂಡಿದ್ದಾರೆ. ಈ ಮಾತು ತಿಳಿದ ಮೇಲೆ 'ನಿಮ್ಮ ಹಾಡು ಹಳೆಯದು', 'ನಿಮ್ಮದು ನಮಗೆ ತಿಳಿಯದು' ಎಂದು ಹೇಳುವುದಕ್ಕೆ ಬಾಯಿ ಬರುವುದಾದರೂ ಹೇಗೆ? ಹಾಗೆ ಹೇಳಿದರೆ ಒಬ್ಬರ ತಾಯಿಯನ್ನು ಹೊರಗೆ ಕಳುಹಿಸಿದಂತೆಯೇ ಆಗುತ್ತದೆ.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ಮೂರು ಚಿಕ್ಕ ಕೆಲಸಗಳನ್ನು ತಮ್ಮ ಮುಂದೆ ಇಡಬಯಸುತ್ತೇವೆ.

ಮೊದಲನೆಯದು, ಕೇಳಿ ಬರೆದಿಡುವುದು. ಪ್ರತಿ ಮನೆಯ ಮಕ್ಕಳು ಅಜ್ಜ ಅಜ್ಜಿಯರ ಬಳಿ ಕುಳಿತು ಅವರ ತೊಟ್ಟಿಲ ಹಾಡು, ರೋಸಿನ ಓವಿ, ನಾಟಿಯ ಹಾಡು, ಶಿಲುಬೆಯ ಕಟ್ಟೆಯ ಮುಂದೆ ಹಾಡುತ್ತಿದ್ದ ಲಿತಾನಿಗಳನ್ನು ಕೇಳಿ ಬರೆದುಕೊಳ್ಳಲಿ. ಇಂದು ಎಲ್ಲರ ಕೈಯಲ್ಲಿಯೂ ಮೊಬೈಲು ಇರುವುದರಿಂದ ದನಿಯನ್ನೂ ಹಿಡಿದಿಡಬಹುದು. ನಮ್ಮ ಜಿಲ್ಲೆಯ ಅಂಕೋಲೆಯ ಸುಕ್ರಿ ಬೊಮ್ಮಗೌಡರು ಶಾಲೆಯ ಮುಖ ಕಾಣದಿದ್ದರೂ ಹಾಲಕ್ಕಿಗಳ ನೂರಾರು ಹಾಡುಗಳನ್ನು ಕಂಠದಲ್ಲಿ ಉಳಿಸಿಕೊಂಡಿದ್ದರು. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು; ೨೦೨೫ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಹಾಡನ್ನು ಕೇಳಿ ಬರೆದುಕೊಂಡವರು ಇದ್ದುದರಿಂದ ಅದು ಉಳಿಯಿತು. ನಮ್ಮ ಕೇರಿಯ ಅಜ್ಜಿಯರ ಬಳಿಗೆ ದೂರದ ಊರಿನ ವಿದ್ವಾಂಸರು ಬರುವರೆಂದು ಕಾಯಬಾರದು.

ಎರಡನೆಯದು, ಹಾಸಿಗೆ ಹಿಡಿದವರ ಬಳಿ ಹಾಡುವುದು. ರೋಗಿಯ ಮನೆಗೆ ಹೋದಾಗ ಹಣ್ಣು ಒಯ್ಯುತ್ತೇವೆ, ಒಳ್ಳೆಯದೇ. ಅದರೊಡನೆ ಅವರು ಇಪ್ಪತ್ತು ವರ್ಷದವರಿದ್ದಾಗ ಹಾಡುತ್ತಿದ್ದ ಒಂದು ಹಾಡನ್ನು ಕಲಿತು ಒಯ್ಯೋಣ. ಗಾಯನವೃಂದದ ತರುಣ ತರುಣಿಯರು ತಿಂಗಳಿಗೆ ಒಂದು ಸಂಜೆಯನ್ನು ಇದಕ್ಕೆ ಮೀಸಲಿಟ್ಟರೆ, ಎಷ್ಟೋ ಕತ್ತಲೆಯ ಕೋಣೆಗಳಲ್ಲಿ ಮಾತು ಮರಳಿ ಬಂದೀತು.

ಮೂರನೆಯದು, ಒಬ್ಬರ ಹಾಡನ್ನು ಇನ್ನೊಬ್ಬರು ಕಲಿಯುವುದು. ವರ್ಷಕ್ಕೆ ಒಂದೇ ಒಂದು ಕೀರ್ತನೆ ಸಾಕು. ಕೊಂಕಣಿಯವರ ಮಕ್ಕಳು ಒಂದು ಕನ್ನಡ ಕೀರ್ತನೆಯನ್ನು, ಕನ್ನಡದವರ ಮಕ್ಕಳು ಒಂದು ಕೊಂಕಣಿ ಕೀರ್ತನೆಯನ್ನು, ಎಲ್ಲರೂ ಸೇರಿ ಸಿದ್ದಿಗಳ ಒಂದು ಹಾಡನ್ನು ಪೂರ್ತಿಯಾಗಿ ಕಲಿಯಲಿ. ಎಳೆಯ ವಯಸ್ಸಿನಲ್ಲಿ ಕಲಿತದ್ದು ಕೊನೆಯವರೆಗೆ ಉಳಿಯುತ್ತದೆಂದು ಈಗ ತಾನೇ ಹೇಳಿದೆವು. ಹಾಗಿದ್ದರೆ ಇಂದು ನೆರೆಯವರ ಹಾಡನ್ನು ಕಲಿತ ಮಗುವಿಗೆ, ಎಪ್ಪತ್ತು ವರ್ಷಗಳ ತರುವಾಯ ಆ ಹಾಡೇ ತನ್ನ ಬಾಲ್ಯದ ಹಾಡಾಗಿ ಮರಳಿ ಬರುವುದು. ಆಗ ಅದು ಯಾರದೆಂದು ಕೇಳುವವರಿರುವುದಿಲ್ಲ.

ಈ ದೇವಾಲಯದ ಇನ್ನೂರನೆಯ ವರ್ಷವನ್ನು ನಾವು ಯಾರೂ ನೋಡಲಾರೆವು. ಆದರೆ ಇಂದು ಮುಂದಿನ ಸಾಲಿನಲ್ಲಿ ಕುಳಿತು ಕಾಲಾಡಿಸುತ್ತಿರುವ ಈ ಮಕ್ಕಳಲ್ಲಿ ಕೆಲವರು ಆ ದಿನಕ್ಕೆ ತುಸು ಹತ್ತಿರದವರೆಗೆ ನಡೆದಾರು. ಅಂದು ಅವರು ಹಾಸಿಗೆಯಲ್ಲಿ ಮಲಗಿ ಎಲ್ಲವನ್ನೂ ಮರೆತಿರುವಾಗ, ಬಳಿಯಲ್ಲಿ ಕುಳಿತವರು ಎತ್ತಿಕೊಳ್ಳಬೇಕಾದ ಹಾಡನ್ನು ಇವರಿಗೆ ಕೊಡಬೇಕಾದವರು ನಾವು. ಕೊಡುವ ಕಾಲ ಇದೇ. ಭಾಷಣವನ್ನು ಇಲ್ಲಿಗೆ ನಿಲ್ಲಿಸುತ್ತೇವೆ. ಗಾಯನವೃಂದದವರು ಎದ್ದು ನಿಂತಿದ್ದಾರೆ. ಮೊದಲ ಕೀರ್ತನೆ ಯಾವ ಭಾಷೆಯದಾದರೂ ಆಗಲಿ, ಎಲ್ಲರೂ ದನಿಗೂಡಿಸಬೇಕೆಂದು ಬೇಡಿಕೊಳ್ಳುತ್ತೇವೆ. ದೇವರು ತಮ್ಮೆಲ್ಲರನ್ನೂ ಹರಸಲಿ.